ಜುಮ್ಮಣ್ಣ ಮುಟ್ಟಿದ ಬೇಲಿ

ಆ ಸುತ್ತಿನಲ್ಲಿ ಯಾರಾದರೂ ಹೊಸದಾಗಿ ಕರೆಂಟ್ ಬೇಲಿ ಹಾಕಿಸಿದರೆ, ಎಷ್ಟು ಉದ್ದ ಆಯಿತು, ಎಷ್ಟು ಎಳೆ ತಂತಿ ಎಳೆದರು ಎಂದು ಯಾರೂ ಕೇಳುತ್ತಿರಲಿಲ್ಲ. "ಜುಮ್ಮಣ್ಣ ಮುಟ್ಟಿದ್ನಾ?" ಎಂದು ಕೇಳುತ್ತಿದ್ದರು. ಮುಟ್ಟಿದ ಎಂದರೆ ಬೇಲಿ ಪಾಸು. ಇನ್ನೂ ಇಲ್ಲ ಎಂದರೆ ಆ ಕಡೆ ಮಕ್ಕಳನ್ನು ಬಿಡುತ್ತಿರಲಿಲ್ಲ, ನಾಯಿಯನ್ನೂ ಬಿಡುತ್ತಿರಲಿಲ್ಲ. ಅತ್ತೆಯನ್ನು ಬಿಡುತ್ತಿದ್ದರೋ ಏನೋ, ಅದು ಅವರವರ ಮನೆಯ ವಿಷಯ.

ಅವನಿಗೂ ಒಂದು ಅಸಲಿ ಹೆಸರಿತ್ತು. ಅರ್ಜಿ ತುಂಬುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು, ಅದೂ ಹೆಂಡತಿಯನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ. ಮಿಕ್ಕಂತೆ ಎಲ್ಲರಿಗೂ ಅವನು ಜುಮ್ಮಣ್ಣ. ಬೇಲಿಯ ಕೆಲಸ ಮುಗಿದ ದಿನ ಯಜಮಾನನ ಕಣ್ಣೆದುರಿಗೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೆಲದ ಮೇಲೆ ನಿಂತು, ಬಲಗೈಯ ಹಿಂಭಾಗವನ್ನು ತಂತಿಗೆ ತಾಗಿಸುವುದು ಅವನ ಪದ್ಧತಿ. ಅಂಗೈ ತಾಗಿಸಬಾರದು, ಅಂಗೈ ಹೆದರಿದರೆ ಮುಷ್ಟಿ ಕಟ್ಟುತ್ತದೆ, ಹಿಂಗೈ ಹೆದರಿದರೆ ಹಿಂದಕ್ಕೆ ಬರುತ್ತದೆ ಎಂಬುದು ಅವನ ಶಾಸ್ತ್ರ. ತಾಗಿದ ಕೂಡಲೇ ಮೊಣಕೈವರೆಗೂ ಒಂದು ಏಟು. ಅವನು "ಹ್ಞೂಂ" ಎನ್ನುತ್ತಿದ್ದ. ನಂತರ "ಜುಮ್ ಅಂತು, ಅಷ್ಟೆ. ಇನ್ನು ಇದು ನಿಮ್ಮ ಬೇಲಿ" ಎಂದು ಹೇಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಮೂವತ್ತೊಂದು ವರ್ಷ ಇದನ್ನೇ ಮಾಡಿದ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲಿ ಉಳಿಯುತ್ತದೆ?

ಈ ಹುಚ್ಚು ಪದ್ಧತಿ ಅವನು ಬೇಕೆಂದು ಶುರು ಮಾಡಿದ್ದಲ್ಲ. ಅವನು ಈ ಕಸುಬಿಗೆ ಬರುವ ಮೊದಲು ಅಲ್ಲೊಬ್ಬ ಮಹಾಬುದ್ಧಿವಂತ, ಹಂದಿಗಳ ಕಾಟ ತಾಳಲಾರದೆ, ಮನೆಯ ಕರೆಂಟನ್ನು ನೇರವಾಗಿ ಬರಿ ತಂತಿಗೆ ಕೊಟ್ಟು ಹೊಲದ ಸುತ್ತ ಎಳೆದಿದ್ದ. ಬೆಳಗ್ಗೆ ಎದ್ದು ನೋಡಿದರೆ ಹಂದಿಗಳು ಆರಾಮಾಗಿದ್ದವು, ಅವನದೇ ಎತ್ತು ಸತ್ತು ಬಿದ್ದಿತ್ತು. ಅಂದಿನಿಂದ ಕರೆಂಟ್ ಬೇಲಿ ಎಂದರೆ ಸಾಕು, ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೇಲಿ ಸಾಮಾನಿನ ಅಂಗಡಿಯಲ್ಲಿ ಕೆಲಸ ಕಲಿತು ಹೊಸದಾಗಿ ಹೊರಟಿದ್ದ ಜುಮ್ಮಣ್ಣ ಮನೆಮನೆಗೆ ಹೋಗಿ ಹೇಳಿದ: "ಮನೆ ಕರೆಂಟು ಬೇಡದ ನೆಂಟರ ಥರ, ಬಂದ್ರೆ ಹೋಗಲ್ಲ. ಹಿಡಿದ್ರೆ ಬಿಡಲ್ಲ, ಅದಕ್ಕೇ ಕೊಲ್ಲುತ್ತೆ. ನನ್ನ ಮೆಷಿನ್ನಿಂದು ಹಾಗಲ್ಲ. ಬಾಗಿಲು ಬಡಿದು ಓಡಿಹೋಗೋ ತುಂಟ ಮಕ್ಕಳ ಥರ. ಸೆಕೆಂಡಿಗೊಂದು ಸಲ ಟಕ್ ಅಂತ ಬಡಿಯುತ್ತೆ, ನೀವು ತಿರುಗಿ ನೋಡೋದ್ರೊಳಗೆ ಮಾಯ." ಮಾತು ಚೆನ್ನಾಗಿಯೇ ಇತ್ತು. ಆದರೆ ಮೇಕೆ ಸಾಕುವ ಮುದುಕನೊಬ್ಬ, "ಅಷ್ಟು ಸಾಚಾ ಆಗಿದ್ರೆ ನೀನೇ ಮುಟ್ಟಯ್ಯ" ಎಂದುಬಿಟ್ಟ. ಮುಟ್ಟಿದ. ಬೇಲಿ ಮಾರಾಟವಾಯಿತು. ಎರಡನೆಯವನೂ ಮುಟ್ಟು ಎಂದ, ಮೂರನೆಯವನಂತೂ ಕುರ್ಚಿ ಹಾಕಿಕೊಂಡು ಕುಳಿತು ಮುಟ್ಟು ಎಂದ.

ಅವನ ಚೀಲದಲ್ಲಿ ಐದು ಪುಟ್ಟ ದೀಪಗಳ ಮೀಟರ್ ಇರಲಿಲ್ಲವೆಂದಲ್ಲ. ಒಂದು ದೀಪ ಹತ್ತಿದರೆ ಬೇಲಿ ಬಡಕಲು, ಐದೂ ಹತ್ತಿದರೆ ಗಟ್ಟಿ. ಜನಕ್ಕೆ ಅದರ ಮೇಲೆ ನಂಬಿಕೆ ಇರಲಿಲ್ಲ. "ದೀಪ ಹತ್ತಿದ್ರೆ ನನಗೇನು ಗೊತ್ತಾಗುತ್ತೆ? ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ಬರಬರುತ್ತಾ ಅವನಿಗೂ ಮೀಟರೆಂದರೆ ತಾತ್ಸಾರ ಬಂತು. ಏಟು ಬಿದ್ದ ಬಗೆಯಲ್ಲೇ ಬೇಲಿಯ ಜಾತಕ ಹೇಳುತ್ತಿದ್ದ. ಏಟು ಮಣಿಕಟ್ಟಿಗೇ ನಿಂತರೆ, "ಎಲ್ಲೋ ಹುಲ್ಲು ತಂತಿಗೆ ತಾಗ್ತಾ ಇದೆ, ಕರೆಂಟು ಅಲ್ಲೇ ಸೋರಿ ಹೋಗ್ತಿದೆ, ಕೊಯ್ಸಿ." ಏಟು ಮಂಕಾಗಿ ಬಂದರೆ, "ನೆಲ ಒಣಗಿದೆ, ಅರ್ತಿಂಗ್ ಸರಳಿನ ಬುಡಕ್ಕೆ ಎರಡು ಕೊಡ ನೀರು ಹಾಕಿ." ಕರೆಂಟು ತಂತಿಯಿಂದ ದನದ ಮೂಗಿಗೆ, ಮೂಗಿಂದ ಕಾಲಿಗೆ, ಕಾಲಿಂದ ನೆಲಕ್ಕೆ, ನೆಲದಲ್ಲಿ ಹೂತ ಸರಳಿನ ಮೂಲಕ ಮತ್ತೆ ಮೆಷಿನ್ನಿಗೆ ಬಂದರೇ ಏಟು, ಎಲ್ಲಿ ದಾರಿ ಕಡಿದರೂ ಬೇಲಿ ಬರಿ ಬಟ್ಟೆ ಒಣಹಾಕುವ ತಂತಿ ಎಂದು ಅವನು ಪ್ರತಿ ಮನೆಯಲ್ಲೂ ಹೇಳುತ್ತಿದ್ದ. ತಂತಿಯ ಮೇಲೆ ಕೂತ ಹಕ್ಕಿಗೆ ಏನೂ ಆಗದಿರುವುದು ಅದರ ಪುಣ್ಯದಿಂದಲ್ಲ, ಅದರ ಕಾಲು ನೆಲಕ್ಕೆ ತಾಗದಿರುವುದರಿಂದ ಎಂದೂ ಹೇಳುತ್ತಿದ್ದ.

ಹೀಗೆ ಅವನು ಹಾಕಿದ ಬೇಲಿಗಳಿಗೆ ಲೆಕ್ಕವಿಲ್ಲ. ದನ ಒಳಗಿರಲಿ ಎಂದು ಹಾಕಿದ, ಹಂದಿ ಹೊರಗಿರಲಿ ಎಂದು ಹಾಕಿದ. ಕೋಳಿ ಫಾರಂಗೆ ನರಿ ಬಾರದಂತೆ ನೆಲಕ್ಕೆ ಒಂದು ಗೇಣು ಎತ್ತರದಲ್ಲಿ ಎಳೆ ಎಳೆದ. ನಿವೃತ್ತ ನ್ಯಾಯಾಧೀಶರೊಬ್ಬರ ಗುಲಾಬಿ ತೋಟಕ್ಕೂ ಹಾಕಿದ, ಆ ನ್ಯಾಯಾಧೀಶರು ಮೂರು ಬಾರಿ ಸಾಕ್ಷಿ ಕೇಳಿದ ಹಾಗೆ ಮೂರು ಬಾರಿ ಮುಟ್ಟಿಸಿದರು. ಅಣ್ಣನ ಮನೆಯವರು ಈ ಕಡೆ ಬಾರದ ಹಾಗೆ ಒಂದು ಬೇಲಿ ಹಾಕಿಕೊಡಿ ಎಂದು ಬಂದ ತಮ್ಮನೊಬ್ಬನನ್ನು ಮಾತ್ರ, "ಇದು ದನಕ್ಕೆ. ದನ ಒಂದ್ಸಲ ಏಟು ತಿಂದ್ರೆ ಕಲಿಯುತ್ತೆ, ನೀವಿಬ್ಬರೂ ಕಲಿಯೋ ಜನ ಅಲ್ಲ" ಎಂದು ವಾಪಸ್ಸು ಕಳಿಸಿದ.

ಅವನ ಹೆಂಡತಿಗೆ ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ. ಎರಡು ಕೋಣೆಯ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಡೆ ಅವನ ತಂತಿಯ ಸುರುಳಿಗಳು, ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಟ್ಟ, ತಂತಿ ಕಂಬಕ್ಕೆ ತಾಗದಂತೆ ತಡೆಯುವ ಬಿಳಿ ಇನ್ಸುಲೇಟರ್‌ಗಳು, 'ಎಚ್ಚರಿಕೆ' ಎಂದು ಬರೆದ ಹಳದಿ ಹಲಗೆಗಳು. ಇನ್ನೊಂದು ಕಡೆ ಅವಳು ಮಡಿಸಿಟ್ಟ ಬೇರೆಯವರ ಬಟ್ಟೆಗಳು. ನಡುವೆ ಒಬ್ಬರು ಅಡ್ಡಡ್ಡವಾಗಿ ನಡೆಯುವಷ್ಟು ದಾರಿ. ಅಂಗಡಿ ಬಿಟ್ಟು ಬರುವಂತಿಲ್ಲವಾದ್ದರಿಂದ ಅವಳು ಗಂಡ ಬೇಲಿ ಮುಟ್ಟುವುದನ್ನು ಒಂದು ದಿನವೂ ನೋಡಿದವಳಲ್ಲ. ಜುಮ್ ಅನ್ನುತ್ತದೆ ಎಂದು ಅವನು ಹೇಳಿದ್ದ, ಜುಮ್ ಅನ್ನುತ್ತದೆ ಎಂದು ಅವಳು ನಂಬಿದ್ದಳು.

ಕಳೆದ ವರ್ಷ ಒಂದು ಮಧ್ಯಾಹ್ನ ಜುಮ್ಮಣ್ಣ ಇಸ್ತ್ರಿ ಅಂಗಡಿಯಲ್ಲೇ, ಯಾರದೋ ಆಗತಾನೇ ಇಸ್ತ್ರಿಯಾದ ಹನ್ನೆರಡು ಅಂಗಿಗಳ ಮೇಲೆ ತಲೆ ತಿರುಗಿ ಬಿದ್ದ. ಅಂಗಿಗಳನ್ನು ಮತ್ತೆ ಇಸ್ತ್ರಿ ಮಾಡಬೇಕಾಯಿತು, ಅವನನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವನ ಎದೆ ನಿಮಿಷಕ್ಕೆ ಮೂವತ್ತೆಂಟು ಸಲ ಮಾತ್ರ ಬಡಿಯುತ್ತಿತ್ತಂತೆ. ವೈದ್ಯರು ಎಡಗಡೆಯ ಕೊರಳೆಲುಬಿನ ಕೆಳಗೆ ಒಂದು ಪುಟ್ಟ ಮೆಷಿನ್ ಕೂರಿಸಿದರು. "ನಿಮ್ಮ ತಂದೆಗೂ ಇದೇ ತೊಂದರೆ ಇತ್ತು ಅಂತೀರಿ. ಹೃದಯ ಬಡಿಯೋದನ್ನ ಮರೆತಾಗ ಇದು ಒಂದು ಸಣ್ಣ ಕರೆಂಟು ಕೊಟ್ಟು ನೆನಪಿಸುತ್ತೆ" ಎಂದರು.

ಜುಮ್ಮಣ್ಣ ಹಾಸಿಗೆಯಲ್ಲೇ ಎದ್ದು ಕುಳಿತ. "ನಿಮಿಷಕ್ಕೆ ಎಷ್ಟು ಸಲ?"

"ಅರವತ್ತು."

"ನನ್ನ ಬೇಲಿ ಮೆಷಿನ್ನಿಂದೂ ಹೆಚ್ಚುಕಡಿಮೆ ಅಷ್ಟೇ ಡಾಕ್ಟ್ರೇ! ಅರ್ತಿಂಗ್ ಎಲ್ಲಿ ಕೊಟ್ಟಿದ್ದೀರಿ?"

ಇಷ್ಟು ಉತ್ಸಾಹದ ರೋಗಿಯನ್ನು ಕಂಡು ವೈದ್ಯರಿಗೂ ಖುಷಿಯಾಯಿತು. ನೀವು ಯಾವ ಕೆಲಸ ಮಾಡುತ್ತೀರಿ ಎಂದು ಕೇಳಿದರು. ಉತ್ತರ ಕೇಳಿದ ಮೇಲೆ ಅವರ ಖುಷಿ ಇಳಿದುಹೋಯಿತು. ಮೂವತ್ತೊಂದು ವರ್ಷ ತಿಂದ ಏಟಿಗೂ ಈ ಕಾಯಿಲೆಗೂ ಸಂಬಂಧವಿಲ್ಲ, ಆದರೆ ಇನ್ನು ಮುಂದೆ ಬೇಲಿಯ ಏಟು ಬಿದ್ದರೆ ಒಳಗಿನ ಮೆಷಿನ್ ತಬ್ಬಿಬ್ಬಾಗಬಹುದು, ಬೇಲಿ ಬೇಕಾದರೆ ಹಾಕಿ, ಆಫ್ ಮಾಡಿ ಹಾಕಿ, ಆನ್ ಆಗಿರುವಾಗ ಮುಟ್ಟುವುದು ಬೇಡವೇ ಬೇಡ ಎಂದರು. ಹೆಂಡತಿ ಕೈಮುಗಿದು, "ಇನ್ನೊಂದ್ಸಲ ಜೋರಾಗಿ ಹೇಳಿ ಸಾರ್, ಬೇಡದ ಮಾತು ಇವರ ಕಿವಿಗೆ ಬೀಳಲ್ಲ" ಎಂದಳು. ವೈದ್ಯರು ಇನ್ನೊಂದು ಸಲ ಜೋರಾಗಿ ಹೇಳಿದರು. ಪಕ್ಕದ ಹಾಸಿಗೆಯವನೂ ಇನ್ನು ಬೇಲಿ ಮುಟ್ಟುವುದಿಲ್ಲವೆಂದು ತಲೆಯಾಡಿಸಿದ.

ಜುಮ್ಮಣ್ಣನಿಗೆ ಸಾವಿನ ಹೆದರಿಕೆ ಅಷ್ಟಾಗಿ ಹತ್ತಲಿಲ್ಲ. ಬೇರೆಯದೇ ಹೆದರಿಕೆ ಹತ್ತಿತು. ಈ ಏಟಿನಿಂದ ಎದೆಗೆ ಏನೂ ಆಗುವುದಿಲ್ಲ ಎಂದು ಮೂವತ್ತೊಂದು ವರ್ಷ ಊರೂರಿಗೆ ಹೇಳಿಕೊಂಡು ಬಂದವನು ಅವನು. ಈಗ ಅವನ ಎದೆಗೇ ಮೆಷಿನ್ ಬಂದಿದೆ ಎಂದು ತಿಳಿದರೆ ಜನ ಏನೆನ್ನುತ್ತಾರೆ? ಅಪ್ಪನಿಗೂ ಇತ್ತು ಎಂದು ಯಾರು ಕೇಳುತ್ತಾರೆ? ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಜನ. ಬೇಲಿಯೇ ಅವನನ್ನು ತಿಂದಿತು ಎನ್ನುತ್ತಾರೆ. ಹಾಕಿದ ಬೇಲಿಗಳನ್ನೆಲ್ಲ ಕಿತ್ತುಹಾಕುತ್ತಾರೆ, ಇನ್ನೊಬ್ಬ ಬುದ್ಧಿವಂತ ಮತ್ತೆ ಮನೆಯ ಕರೆಂಟು ಎಳೆಯುತ್ತಾನೆ. ಈ ಯೋಚನೆಯಲ್ಲಿ ಅವನು ಎರಡು ತಿಂಗಳು ಮೊಣಕಾಲು ನೋವು ಎಂದು ಸುಳ್ಳು ಹೇಳಿಕೊಂಡು ಮನೆಯಲ್ಲಿದ್ದ. ನೋಡಲು ಬಂದವರೆದುರು ಕುಂಟಿಯೂ ತೋರಿಸಿದ, ಕೆಲವೊಮ್ಮೆ ಬಲಗಾಲು, ಕೆಲವೊಮ್ಮೆ ಎಡಗಾಲು.

ಆಗ ಡೈರಿಯಮ್ಮ ಹೇಳಿಕಳಿಸಿದಳು. ಹದಿನೇಳು ಹಸು, ನಾಲ್ಕು ಕಡಸು ಇಟ್ಟುಕೊಂಡ ಗಟ್ಟಿ ಹೆಂಗಸು. ಹೊಸ ಹುಲ್ಲುಗಾವಲು ಹಿಡಿದಿದ್ದಳು, ಅದರ ಪಕ್ಕದಲ್ಲೇ ಎಲೆಕೋಸಿನ ತೋಟ. ಎಲೆಕೋಸಿನವನಿಗೂ ಅವಳಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಬೇಲಿ ಹಾಕಿಕೊಡಿ, ಆದರೆ ನೀವೇ ಬಂದು ಮುಟ್ಟಿದರೆ ಮಾತ್ರ ದನ ಬಿಡುತ್ತೇನೆ ಎಂದು ಅವಳ ಮಾತು.

ಹೆಂಡತಿ ಒಂದೇ ಷರತ್ತಿನ ಮೇಲೆ ಕಳಿಸಿದಳು. ಅವಳ ತಮ್ಮ ಜೊತೆಗೆ ಹೋಗಬೇಕು, ಕರೆಂಟಿನ ಹತ್ತಿರದ ಕೆಲಸವೆಲ್ಲ ಅವನೇ ಮಾಡಬೇಕು. ಈ ಭಾವಮೈದುನ ಒಂದು ಸಾಮಾನು ಗಾಡಿ ಓಡಿಸುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಹೇಳದೆ ಇದ್ದದ್ದನ್ನು ಯೋಚಿಸುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ. ನಾಲ್ಕು ದಿನದಲ್ಲಿ ಕಂಬ ನೆಟ್ಟು, ಮೂರು ಎಳೆ ತಂತಿ ಎಳೆದು, ಆಳೆತ್ತರದ ಮೂರು ಸರಳುಗಳನ್ನು ನೆಲಕ್ಕೆ ಹೂತು, ಮೆಷಿನ್ ಅನ್ನು ಕೊಟ್ಟಿಗೆಯ ಗೋಡೆಗೆ ನೇತುಹಾಕಿದರು. ಮುಟ್ಟುವ ದಿನ ಬಂತು.

ಜುಮ್ಮಣ್ಣ ಉಪಾಯ ಮಾಡಿಯೇ ಬಂದಿದ್ದ. ಮೆಷಿನ್ ಆನ್ ಇರುತ್ತದೆ, ಟಕ್ ಟಕ್ ಎನ್ನುತ್ತದೆ, ಅದರ ದೀಪವೂ ಮಿಟುಕುತ್ತದೆ. ಆದರೆ ಮೆಷಿನ್ನಿಂದ ಬೇಲಿಗೆ ಹೋಗುವ ಕೆಂಪು ತಂತಿಯನ್ನು ಭಾವಮೈದುನ ಕೊಟ್ಟಿಗೆಯೊಳಗೆ ನಿಂತು ಕಳಚಿಟ್ಟಿರುತ್ತಾನೆ. "ನಾನು ಒಂದ್ಸಲ ಕೆಮ್ಮಿದ್ರೆ ಕಳಚು. ಇನ್ನೊಂದ್ಸಲ ಕೆಮ್ಮಿದ್ರೆ ಹಾಕು. ನೆನಪಿರುತ್ತಾ?" ಎಂದು ಮೂರು ಬಾರಿ ಕೇಳಿದ. ಭಾವಮೈದುನ ಮೂರು ಬಾರಿಯೂ, "ಕೆಮ್ಮಿದ್ರೆ ಕಳಚೋದು, ಕೆಮ್ಮಿದ್ರೆ ಹಾಕೋದು" ಎಂದು ಪಾಠ ಒಪ್ಪಿಸಿದ.

ಡೈರಿಯಮ್ಮ, ಅವಳ ಆಳುಗಳು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು, ಬೇಲಿಯಾಚೆ ಮುಖ ಗಂಟಿಕ್ಕಿಕೊಂಡ ಎಲೆಕೋಸಿನವನು, ಎಲ್ಲರೂ ನಿಂತಿದ್ದರು. ಜುಮ್ಮಣ್ಣ ಕೆಮ್ಮಿದ. ಚಪ್ಪಲಿ ಬಿಟ್ಟ. ಹತ್ತು ಎಣಿಸಿದ. ಕೈ ತಾಗಿಸಿದ. ಏನೂ ಆಗಲಿಲ್ಲ, ಏನೂ ಆಗಬಾರದಾಗಿತ್ತು. ಇನ್ನು ನಟನೆ. ಏಟು ಬಿದ್ದಾಗ ಇಷ್ಟು ವರ್ಷ ತಾನು ಬರಿ "ಹ್ಞೂಂ" ಎನ್ನುತ್ತಿದ್ದೆ ಎಂಬುದು ಪಾಪ ಅವನಿಗೆ ಮರೆತೇಹೋಯಿತು. "ಅಯ್ಯಯ್ಯಯ್ಯೋ!" ಎಂದು ಎರಡು ಅಡಿ ಮೇಲೆ ಹಾರಿದ, ಕೈ ಕೊಡವಿದ, ಸುತ್ತ ಒಂದು ಸಲ ತಿರುಗಿದ, ಮೊಣಕಾಲು ನೋವಿದೆ ಎಂದು ಎಲ್ಲರಿಗೂ ಹೇಳಿದ್ದು ನೆನಪಾಗಿ ಕೊನೆಗೆ ಸ್ವಲ್ಪ ಕುಂಟಿದ. ಜನ ಹೌಹಾರಿದರು. "ಈ ಸಲದ್ದು ಭಾರಿ ಗಟ್ಟಿ ಬೇಲಿ" ಎಂದು ಡೈರಿಯಮ್ಮ ಸಂತೋಷಪಟ್ಟಳು. ಎಲೆಕೋಸಿನವನು ಎರಡು ಹೆಜ್ಜೆ ಹಿಂದೆ ಸರಿದ. ಜುಮ್ಮಣ್ಣ ಕೆಮ್ಮಿದ, ಕೊಟ್ಟಿಗೆಯೊಳಗೆ ಕೆಂಪು ತಂತಿ ತನ್ನ ಜಾಗಕ್ಕೆ ಹೋಯಿತು. ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು.

ಆಮೇಲೆ ಡೈರಿಯಮ್ಮ ಟೀ ತರಿಸಿದಳು, ಜೊತೆಗೆ ರವೆಯಂತೆ ಪುಡಿಪುಡಿಯಾಗುವ ಬಿಸ್ಕತ್ತು. ತನ್ನ ನಟನೆಗೆ ತಾನೇ ಮರುಳಾಗಿ ಜುಮ್ಮಣ್ಣ ಏನೋ ಹೇಳುತ್ತಾ ನಕ್ಕ, ಬಿಸ್ಕತ್ತಿನ ಪುಡಿ ಗಂಟಲಿಗೆ ಹೋಯಿತು, ಕೆಮ್ಮಿದ. ಕೊಟ್ಟಿಗೆಯಲ್ಲಿ ಭಾವಮೈದುನ, ಭಾವನಿಗೆ ಇನ್ನೊಂದು ಸಲ ಮುಟ್ಟಿ ತೋರಿಸುವ ಮನಸ್ಸಾಯಿತೇನೋ ಎಂದುಕೊಂಡು ನಿಷ್ಠೆಯಿಂದ ಕಳಚಿದ. ಮುಂದಿನ ಕೆಮ್ಮಿಗೆ ಕಾದ. ಅದು ಬರಲಿಲ್ಲ, ನೀರು ಕುಡಿದು ಜುಮ್ಮಣ್ಣ ಸುಧಾರಿಸಿಕೊಂಡಿದ್ದ. ಸ್ವಲ್ಪ ಹೊತ್ತಿಗೆ "ಬಾರಯ್ಯ, ಹೊರಡೋಣ" ಎಂಬ ಕರೆ ಬಂತು. ಹೊರಡೋಣ ಎಂದರೆ ಹೊರಡುವುದು. ಭಾವಮೈದುನ ಬಂದು ಗಾಡಿ ಹತ್ತಿದ.

ಮೂರು ದಿನ ಏನೂ ಆಗಲಿಲ್ಲ. ಆ ಹಸುಗಳೆಲ್ಲ ಹಳೆಯ ಜಾಗದಲ್ಲಿ ಜುಮ್ಮಣ್ಣನ ಬೇಲಿಯ ರುಚಿ ನೋಡಿದ್ದವು. ತಂತಿ ಕಂಡರೆ ಸಾಕು, ಎರಡು ಮಾರು ದೂರ ನಿಲ್ಲುತ್ತಿದ್ದವು. ಈ ಬೇಲಿ ಇರುವುದು ತಂತಿಯಲ್ಲಲ್ಲ, ದನದ ತಲೆಯಲ್ಲಿ ಎಂದು ಜುಮ್ಮಣ್ಣನೇ ಹೇಳುತ್ತಿದ್ದ ಮಾತು. ಆದರೆ ಎಲ್ಲರ ಮನೆಯಲ್ಲೂ ಹಿರಿಯರ ಮಾತು ಕೇಳದ ಒಂದು ಇರುತ್ತದಲ್ಲ, ಇಲ್ಲಿ ಅದು ನೆತ್ತಿಯ ಮೇಲೆ ಬಿಳಿ ಮಚ್ಚೆಯ ಕಡಸು. ನಾಲ್ಕನೆಯ ದಿನ ಬೆಳಗ್ಗೆ ಅದು ತಂತಿಗೆ ಮೂಗು ತಾಗಿಸಿತು. ಮತ್ತೆ ತಾಗಿಸಿತು. ಆಮೇಲೆ ಕುತ್ತಿಗೆ ಹಾಕಿತು. ಹತ್ತು ಗಂಟೆಯ ಹೊತ್ತಿಗೆ ಕಂಬ ಎರಡು ಮಲಗಿದ್ದವು, ಇಪ್ಪತ್ತೊಂದು ದನಗಳೂ ಎಲೆಕೋಸಿನ ನಡುವೆ ನಿಂತು ಊಟ ಮಾಡುತ್ತಿದ್ದವು.

ಮರುದಿನ ಬೆಳಗ್ಗೆ ಡೈರಿಯಮ್ಮನಿಂದ ಕರೆ ಬಂತು. ಜುಮ್ಮಣ್ಣನ ಮೇಲೆ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. "ಕಣ್ಣಾರೆ ನೋಡಿದ್ದೀನಲ್ಲಣ್ಣ, ನೀವು ಹಾರಿದ್ದನ್ನ. ಕೊಟ್ಟಿಗೆಗೆ ನುಗ್ಗಿ ಕೆಂಪು ತಂತಿ ಕಳಚಿದ್ದಾನೆ ಆ ಎಲೆಕೋಸಿನವನು. ನನ್ನನ್ನ ಇಲ್ಲಿಂದ ಓಡಿಸೋಕೆ ತನ್ನ ಬೆಳೆನೇ ಮೇಯಿಸಿದ್ದಾನೆ. ಬಿದ್ದ ಕಂಬ ಮತ್ತೆ ನೆಡಿಸಿದ್ದೀನಿ. ನಾಕು ಜನ ಸೇರ್ತಾರೆ, ನೀವು ಬಂದು ಬೇಲಿ ಚೆನ್ನಾಗಿತ್ತು ಅಂತ ಹೇಳಿ, ಇನ್ನೊಂದ್ಸಲ ಮುಟ್ಟಿ ತೋರಿಸಿ. ಅವನ ಬಾಯಿ ಮುಚ್ಚುತ್ತೆ."

ಜುಮ್ಮಣ್ಣ ಫೋನು ಇಟ್ಟು, ಇಸ್ತ್ರಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿಕೊಂಡಿದ್ದ ಭಾವಮೈದುನನ ಕಡೆ ನೋಡಿದ. ಭಾವಮೈದುನ, "ನೀವು ಮೂರು ಸಲ ಕೆಮ್ಮಿದ್ರಿ ಭಾವ. ನಾನು ಲೆಕ್ಕ ಇಟ್ಟಿದ್ದೀನಿ" ಎಂದ. ಇಸ್ತ್ರಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಏನಿದು ಕೆಮ್ಮಿನ ಲೆಕ್ಕ ಎಂದು ತಮ್ಮನನ್ನು ಕೇಳಿ ಎಲ್ಲ ತಿಳಿದುಕೊಂಡಳು. ಅವಳು ಬೈಯಲಿಲ್ಲ, ಅದು ಒಳ್ಳೆಯ ಲಕ್ಷಣವಲ್ಲ. ಅಂಗಡಿಗೆ ಬೀಗ ಹಾಕಿ, "ನಾನೂ ಬರ್ತೀನಿ" ಎಂದು ಗಾಡಿ ಹತ್ತಿದಳು. ಇಪ್ಪತ್ತು ವರ್ಷದಲ್ಲಿ ಹಗಲು ಹೊತ್ತು ಆ ಅಂಗಡಿಗೆ ಬೀಗ ಬಿದ್ದದ್ದು, ಅವನು ಅಂಗಿಗಳ ಮೇಲೆ ಬಿದ್ದ ದಿನ ಬಿಟ್ಟರೆ, ಅದೇ ಮೊದಲು.

ದಾರಿಯುದ್ದಕ್ಕೂ ಜುಮ್ಮಣ್ಣನ ತಲೆಯಲ್ಲಿ ಒಂದೇ ಲೆಕ್ಕ. ಸುಮ್ಮನಿದ್ದರೆ ಸಾಕು, ಹೆಸರು ಉಳಿಯುತ್ತದೆ. ಹೇಗೂ ಎಲೆಕೋಸಿನವನು ಒಳ್ಳೆಯವನೇನಲ್ಲ, ಸಿಡುಕ, ಎದುರಿಗೆ ಸಿಕ್ಕರೆ ನಗುವವನೂ ಅಲ್ಲ. ಆದರೆ ಸಿಡುಕ ಎಂದ ಮಾತ್ರಕ್ಕೆ ಕಳ್ಳನ ಪಟ್ಟ ಕಟ್ಟುವುದೇ? ಬಾಯಿ ಬಿಟ್ಟರೆ ಮೂವತ್ತೊಂದು ವರ್ಷದ ಮರ್ಯಾದೆ ಒಂದು ಗಳಿಗೆಯಲ್ಲಿ ಮಣ್ಣುಪಾಲು. ಅವನು ಎರಡು ಬಾರಿ ಕೆಮ್ಮಿದ. ಭಾವಮೈದುನ ಎರಡು ಬಾರಿಯೂ ಗಾಡಿಯ ಬ್ರೇಕ್ ಒತ್ತಿದ.

ಹುಲ್ಲುಗಾವಲಿನಲ್ಲಿ ಒಂದು ಹತ್ತು ಹನ್ನೆರಡು ಜನ ಸೇರಿದ್ದರು. ಮಧ್ಯದಲ್ಲಿ ಎಲೆಕೋಸಿನವನು ಕೆಂಪೇರಿ ನಿಂತಿದ್ದ. "ಬೇಲಿನೇ ಎದ್ದು ಹೊಲ ಮೇಯ್ತು ಅನ್ನೋ ಗಾದೆ ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ. ಬೆಳೆ ಹೋಗಿದ್ದು ನಂದು, ಕಳ್ಳನೂ ನಾನೇನಾ? ಆ ತಂತಿ ಕಂಡ್ರೆ ನನಗೆ ಜ್ವರ ಬರುತ್ತೆ, ನಾನ್ಯಾಕೆ ಅದರ ಹತ್ರ ಹೋಗ್ಲಿ?" ಎನ್ನುತ್ತಿದ್ದ. ಯಾರೂ ಅವನನ್ನು ನಂಬಿದ ಹಾಗೆ ಕಾಣಲಿಲ್ಲ. ಗುಂಪಿನ ಹಿರಿಯನೊಬ್ಬ, "ತಂತಿ ತಾನಾಗೇ ಬಿಚ್ಕೊಳ್ಳಲ್ಲ. ಬಿಚ್ಚಿದವರು ಇಲ್ಲೇ ಇದ್ದಾರೆ, ಒಪ್ಕೊಂಡುಬಿಡಿ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಜುಮ್ಮಣ್ಣ ತನ್ನ ಎಡಗಡೆಯ ಕೊರಳೆಲುಬಿನ ಕೆಳಗೆ ಮುಟ್ಟಿ ನೋಡಿಕೊಂಡ.

"ಬನ್ನಿ ಅಣ್ಣ, ಮುಟ್ಟಿ ತೋರಿಸಿ" ಎಂದು ಡೈರಿಯಮ್ಮ ದಾರಿ ಬಿಟ್ಟಳು.

"ಮುಟ್ಟಲ್ಲಮ್ಮ" ಎಂದ ಜುಮ್ಮಣ್ಣ. "ಅವತ್ತೂ ಮುಟ್ಟಿರ್ಲಿಲ್ಲ."

ಹೇಳಲು ಶುರು ಮಾಡಿದ ಮೇಲೆ ಏನನ್ನೂ ಉಳಿಸಿಕೊಳ್ಳಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆಯ ಗಾಯದ ಗುರುತು ತೋರಿಸಿದ. ಕೆಮ್ಮಿನ ಒಪ್ಪಂದ ಹೇಳಿದ, ಬಿಸ್ಕತ್ತಿನ ವಿಷಯ ಹೇಳಿದ. ಎಲೆಕೋಸಿನವನ ಕಡೆ ತಿರುಗಿ, "ನಿಮ್ಮ ಬೆಳೆ ಹಾಳಾಗಿದ್ದು ನನ್ನಿಂದ. ನಿಮ್ಮ ಹೆಸರು ಹಾಳಾಗೋದು ಬೇಡ" ಎಂದ. ಎಲೆಕೋಸಿನವನು ಬೈಯಲು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳನ್ನು ಏನು ಮಾಡುವುದೆಂದು ತಿಳಿಯದೆ ಟೊಪ್ಪಿ ತೆಗೆದು ತಲೆ ತುರಿಸಿಕೊಂಡ.

ಜುಮ್ಮಣ್ಣ ಯಾವುದಕ್ಕೆ ಹೆದರಿದ್ದನೋ ಅದು ಮರುಗಳಿಗೆಯಲ್ಲೇ ಆಯಿತು. "ಹಾಗಾದ್ರೆ ಈ ಬೇಲಿಯಿಂದಾನೇ ನಿಮ್ಮ ಎದೆ ಹೋಗಿದ್ದು!" ಎಂದು ಯಾರೋ ಕೂಗಿದರು. "ಅಯ್ಯೋ, ನಮ್ಮ ಮನೆ ಹಿಂದೆನೂ ಇದೆಯಲ್ಲ!" ಎಂದಳು ಇನ್ನೊಬ್ಬಳು. ಜುಮ್ಮಣ್ಣ ಅಪ್ಪನ ಕಾಯಿಲೆ ಹೇಳಿದ, ವೈದ್ಯರ ಮಾತು ಹೇಳಿದ, ಬಾಗಿಲು ಬಡಿದು ಓಡುವ ಮಕ್ಕಳ ಕಥೆ ಹೇಳಿದ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಡೈರಿಯಮ್ಮ, "ಇವತ್ತೇ ಕಿತ್ಕೊಂಡು ಹೋಗಿ ಅಣ್ಣ. ದನ ಇಲ್ಲದಿದ್ರೂ ಪರವಾಗಿಲ್ಲ, ಜನ ಇರ್ಬೇಕು" ಎಂದಳು.

"ನನ್ನ ಬಿಡಿ. ನಿಮ್ಮಲ್ಲಿ ಯಾರಾದ್ರೂ ಒಬ್ಬರು ಮುಟ್ಟಿ ನೋಡಿ. ಏನೂ ಆಗಲ್ಲ ಅಂತ ನಿಮಗೇ ಗೊತ್ತಾಗುತ್ತೆ" ಎಂದು ಜುಮ್ಮಣ್ಣ ಅಂಗಲಾಚಿದ.

ಹನ್ನೆರಡು ಜನಕ್ಕೂ ಒಂದೊಂದು ತೊಂದರೆ ಇತ್ತು. ಒಬ್ಬನಿಗೆ ನಿನ್ನೆಯಿಂದ ಶೀತ. ಒಬ್ಬನ ಮಗಳ ಮದುವೆ ಹತ್ತಿರದಲ್ಲಿತ್ತು. ಹಿರಿಯ, ಇದೆಲ್ಲ ಹುಡುಗರ ಕೆಲಸ ಎಂದ. ಹುಡುಗರು, ಹಿರಿಯರು ಇರುವಾಗ ನಾವು ಮುಂದೆ ಹೋಗುವುದು ಮರ್ಯಾದೆಯಲ್ಲ ಎಂದರು. ಮೂವತ್ತೊಂದು ವರ್ಷ ಮುಟ್ಟು ಮುಟ್ಟು ಎಂದು ಕುರ್ಚಿ ಹಾಕಿಕೊಂಡು ಕೂತವರು ಇಂಥವರೇ. ಜುಮ್ಮಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ, ಆಮೇಲೆ ಇಕ್ಕಳ ತೆಗೆಯಲು ಚೀಲಕ್ಕೆ ಕೈ ಹಾಕಿದ. ಬೇಲಿ ಕಳಚುವುದೇ ಆದರೆ ತಾನೇ ಕಳಚಬೇಕು.

"ಏಯ್, ಈಚೆ ಬಾರೋ" ಎಂದಳು ಹೆಂಡತಿ. ಗಾಡಿಯ ಹಿಂದೆ ಅಡಗಿದ್ದ ತಮ್ಮ ಈಚೆ ಬಂದ. "ಹೋಗಿ ಕೆಂಪು ತಂತಿ ಹಾಕು. ಹಾಕಿ ಅಲ್ಲೇ ನಿಂತ್ಕೋ. ಯಾರು ಕೆಮ್ಮಿದ್ರೂ, ಸತ್ರೂ, ತೆಗೀಬೇಡ."

ಅವಳು ಚಪ್ಪಲಿ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಜುಮ್ಮಣ್ಣ "ಹಿಂಗೈ, ಹಿಂಗೈ" ಎಂದು ತೊದಲುವುದರೊಳಗೆ ಹೋಗಿ ಮೇಲಿನ ಎಳೆಗೆ ಕೈಯ ಹಿಂಭಾಗ ತಾಗಿಸಿದಳು. ಟಕ್.

ಅವಳು ಹಾರಲಿಲ್ಲ, ಕೂಗಲೂ ಇಲ್ಲ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಹಾಗೇ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. ಸ್ವಲ್ಪ ಹೊತ್ತಿಗೆ ಉಸಿರು ಎಳೆದುಕೊಂಡು ಗುಂಪಿನ ಕಡೆ ತಿರುಗಿ, "ಬದುಕಿದ್ದೀನಿ. ಎಲ್ಲರೂ ಸರಿಯಾಗಿ ನೋಡ್ಕೊಳ್ಳಿ, ಆಮೇಲೆ ಇನ್ನೊಂದ್ಸಲ ಕೇಳ್ಬೇಡಿ" ಎಂದಳು. ನಂತರ ಗಂಡನ ಹತ್ತಿರ ಬಂದಳು.

"ಇದಾ?" ಎಂದಳು. "ಮೂವತ್ತೊಂದು ವರ್ಷ ಇದಾ?"

"ದಿನಾ ಅಲ್ಲ. ವಾರಕ್ಕೆ ಒಂದೋ ಎರಡೋ..."

"ಸಂಜೆ ಮನೆಗೆ ಬಂದು ಕೈತೊಳ್ಕೊಂಡು ಊಟಕ್ಕೆ ಕೂತ್ಕೋತಿದ್ರಿ. ಒಂದು ದಿನ ಹೇಳಲಿಲ್ಲ."

"ಹೇಳಿದ್ನಲ್ಲ ಮಾರಾಯ್ತಿ, ಜುಮ್ ಅನ್ನುತ್ತೆ ಅಂತ."

"ಜುಮ್ ಅಂತೆ!" ಎಂದು ಅವಳು ಅವನ ಭುಜಕ್ಕೆ ಗುದ್ದಿದಳು. "ಜುಮ್ ಅಂತೆ, ಜುಮ್!" ಎಂದು ಮತ್ತೆ ಗುದ್ದಿದಳು. ಅಷ್ಟು ಸಿಟ್ಟಿನಲ್ಲೂ ಗುದ್ದಿದ್ದು ಬಲಭುಜಕ್ಕೆ, ಮೆಷಿನ್ ಇಲ್ಲದ ಕಡೆಗೆ. ಹನ್ನೆರಡು ಜನ ನೆಲ ನೋಡುತ್ತಾ ನಿಂತರು.

ಡೈರಿಯಮ್ಮ ವ್ಯವಹಾರದ ಹೆಂಗಸು, ಮೊದಲು ಬಾಯಿ ಬಿಟ್ಟವಳು ಅವಳೇ. "ಮೇಲಿನ ಎಳೆ ಸರಿ. ಕಡಸುಗಳು ನುಗ್ಗೋದು ಕೆಳಗಿಂದ. ಕೆಳಗಿನ ಎಳೆ ಕೆಲಸ ಮಾಡುತ್ತೋ ಇಲ್ಲವೋ?"

ಹೆಂಡತಿ ಕಣ್ಣೊರೆಸಿಕೊಂಡು, "ಅದನ್ನೂ ನೋಡೇಬಿಡೋಣ" ಎಂದು ಬೇಲಿಯ ಕಡೆ ತಿರುಗಿದಳು, ಬಗ್ಗಿದಳು.

"ಮುಟ್ಬೇಡ!"

ಜುಮ್ಮಣ್ಣ ಕೂಗಿದ ರಭಸಕ್ಕೆ ದನಗಳೂ ತಲೆಯೆತ್ತಿದವು. ಸಾವಿರ ಬಾರಿ ತನ್ನ ಕೈ ಚಾಚುವಾಗ ಬಾರದ ಹೆದರಿಕೆ ಅವಳ ಕೈ ಚಾಚಿದಾಗ ಬಂದಿತ್ತು.

"ಯಾಕೆ?" ಎಂದ ಎಲೆಕೋಸಿನವನು. "ಏನೂ ಆಗಲ್ಲ ಅಂದ್ರಲ್ಲ ಈಗ?"

"ಏನೂ ಆಗಲ್ಲ" ಎಂದ ಜುಮ್ಮಣ್ಣ. ಅವನು ಬಾಯಿ ಒರೆಸಿಕೊಂಡ. "ಏನೂ ಆಗಲ್ಲ, ಆದ್ರೆ ನೋಯುತ್ತೆ. ತುಂಬಾ ನೋಯುತ್ತೆ ಕಣ್ರಿ. ಒಂದ್ಸಲ ಮುಟ್ಟಿದ್ರೆ ಸಂಜೆ ತನಕ ಈ ಕೈಯಲ್ಲಿ ಲೋಟ ಹಿಡಿಯೋಕಾಗಲ್ಲ. ನೋಯ್ಲಿ ಅಂತಾನೇ ಹಾಕೋದು ಇದನ್ನ. ಕೊಲ್ಲೋಕಲ್ಲ."

ಹಸುಗಳಿಗೆ ಮೂವತ್ತೊಂದು ವರ್ಷದಿಂದ ಗೊತ್ತಿದ್ದ ಈ ಸಂಗತಿ ಜನಕ್ಕೆ ಗೊತ್ತಾದದ್ದು ಅವತ್ತೇ ಇರಬೇಕು. ಡೈರಿಯಮ್ಮ ತನ್ನ ಎತ್ತರದ ರಬ್ಬರ್ ಬೂಟುಗಳನ್ನು ಒಂದೊಂದಾಗಿ ಎಳೆದು ತೆಗೆದಳು. ಬೇಲಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಕೆಳಗಿನ ಎಳೆಗೆ ಕೈಯ ಹಿಂಭಾಗ ತಾಗಿಸಿ, ಹಿಂದಕ್ಕೆ ಬಿದ್ದು, ಬರೆಯಲಾಗದ ಒಂದು ಬೈಗುಳ ಬೈದಳು.

"ಇರ್ಲಿ ಬಿಡಿ" ಎಂದಳು ಎದ್ದು ಸೀರೆ ಕೊಡವಿಕೊಳ್ಳುತ್ತಾ. "ಕೀಳೋದು ಬೇಡ."

ವಾಪಸ್ಸು ಬರುವಾಗ ಭಾವಮೈದುನ ಗಾಡಿ ಓಡಿಸಿದ, ಗಂಡ ಹೆಂಡತಿ ಅವನ ಪಕ್ಕದಲ್ಲಿ ಒತ್ತೊತ್ತಾಗಿ ಕುಳಿತರು. ಅವಳು ಅರ್ಧ ದಾರಿ ತಮ್ಮನನ್ನು ಬೈದಳು, ಉಳಿದರ್ಧ ಆ ಹನ್ನೆರಡು ಜನರನ್ನು ಬೈದಳು. ಬೈಯುತ್ತಲೇ ಗಂಡನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು ಹಿಂಭಾಗ ಮೇಲೆ ಬರುವಂತೆ ತಿರುಗಿಸಿ ನೋಡಿದಳು. ಅಲ್ಲಿ ಗಾಯವೂ ಇರಲಿಲ್ಲ, ಗುರುತೂ ಇರಲಿಲ್ಲ, ಎಲ್ಲರ ಕೈಯ ಹಾಗೇ ಇತ್ತು. ಆದರೂ ಮನೆ ಬರುವ ತನಕ ಅವಳು ಅದನ್ನು ಬಿಡಲಿಲ್ಲ.